ಮರದ ಗಾಳಿಯೋ, ನಡಿಗೆಯ ನಿಧಾನವೋ?

‘ಶಿನ್‌ರಿನ್-ಯೋಕು’ ಎಂಬ ಜಪಾನೀ ಮಾತನ್ನು ಮೊದಲ ಸಲ ಕೇಳಿದವರಿಗೆ ಅದು ಯಾವುದೋ ಪುರಾತನ ಬೌದ್ಧ ಮಠದಿಂದ ಇಳಿದು ಬಂದದ್ದಿರಬೇಕು ಅನ್ನಿಸುತ್ತದೆ. ಆದರೆ ಅದರ ತವರು ಒಂದು ಸರ್ಕಾರಿ ಕಚೇರಿ. 1982ರಲ್ಲಿ ಜಪಾನಿನ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿದ್ದ ತೊಮೊಹಿದೆ ಅಕಿಯಾಮಾ ಈ ಪದವನ್ನು ಟಂಕಿಸಿದರು. ಶಿನ್‌ರಿನ್ ಎಂದರೆ ಕಾಡು, ಯೋಕು ಎಂದರೆ ಸ್ನಾನ. ನೀರಿಲ್ಲ, ಸೋಪಿಲ್ಲ; ಮರಗಳ ನಡುವೆ ಅವಸರವಿಲ್ಲದೆ ನಡೆಯುವುದು, ನಿಲ್ಲುವುದು, ಕೂರುವುದು, ಕಣ್ಣು ಕಿವಿ ಮೂಗುಗಳನ್ನು ತೆರೆದಿಟ್ಟುಕೊಳ್ಳುವುದು, ಅಷ್ಟೆ. ಮೊದಲ ಕಾರ್ಯಕ್ರಮ ನಡೆದದ್ದು ನಗಾನೊ ಪ್ರಾಂತ್ಯದ ಕಿಸೊ ಕಣಿವೆಯ ಅಕಸಾವಾ ಕಾಡಿನಲ್ಲಿ. ಅಲ್ಲಿನ ಹಿನೋಕಿ ಮರಗಳಿಗೆ ಮುನ್ನೂರು ವರ್ಷದ ಆಸುಪಾಸಿನ ವಯಸ್ಸು. ಎದೊ ಎಂಬ ಹಳೆಯ ಆಳ್ವಿಕೆಯ ಕಾಲದಲ್ಲಿ ಆ ಕಣಿವೆಯಲ್ಲಿ ‘ಒಂದು ಮರಕ್ಕೆ ಒಂದು ತಲೆ’ ಎಂಬ ಮಾತು ಚಾಲ್ತಿಯಲ್ಲಿತ್ತು. ಅಪ್ಪಣೆಯಿಲ್ಲದೆ ಹಿನೋಕಿ ಕಡಿದವನ ಕತ್ತಿಗೇ ಕುತ್ತು. ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವಾಗ ಈ ಕಣಿವೆಯ ಮರವೇ ಹೋಗುತ್ತದೆ. ಹೀಗೆ ಜನಸಾಮಾನ್ಯರು ಕೈಯಿಡಲು ಹೆದರುತ್ತಿದ್ದ ಕಾಡೊಂದು ಜನಸಾಮಾನ್ಯರ ಆರೋಗ್ಯಕ್ಕೆಂದು ಬಾಗಿಲು ತೆರೆಯಿತು.

ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. 1982ರಲ್ಲಿ ಹೆಸರು ಇತ್ತು, ಪುರಾವೆ ಇರಲಿಲ್ಲ. ಕಾಡಿನಲ್ಲಿ ನಡೆದರೆ ದೇಹಕ್ಕೆ ಏನಾಗುತ್ತದೆಂದು ಅಳೆದು ನೋಡುವ ಮೊದಲ ಯತ್ನ ನಡೆದದ್ದು 1990ರಲ್ಲಿ, ಯೊಶಿಫುಮಿ ಮಿಯಾಜಾಕಿ ಎಂಬ ಸಂಶೋಧಕರು ಯಾಕುಶಿಮಾ ದ್ವೀಪದ ಹಳೆಯ ಕಾಡಿಗೆ ಹೋದಾಗ. ಘೋಷಣೆ ಮೊದಲು ಹುಟ್ಟಿ, ಸಮರ್ಥನೆ ಆಮೇಲೆ ಹುಡುಕಿಕೊಂಡು ಹೊರಟಾಗ ಓದುಗ ಒಂದು ಹೆಜ್ಜೆ ಹಿಂದೆ ನಿಂತು ನೋಡುವುದು ಒಳ್ಳೆಯದು. ಹುಡುಕಿದವನಿಗೆ ಏನಾದರೂ ಸಿಕ್ಕೇ ಸಿಗುತ್ತದೆ. ನಾಲ್ಕು ದಶಕಗಳಲ್ಲಿ ಸಿಕ್ಕಿದ್ದನ್ನು ಜಾಲಾಡಿದರೆ ಎರಡು ಬೇರೆ ಬೇರೆ ಕಥೆಗಳು ಒಂದೇ ಹೆಸರಿನಡಿ ಸುತ್ತಿಕೊಂಡಿರುವುದು ಕಾಣುತ್ತದೆ. ಮರಗಳು ಗಾಳಿಗೆ ಬಿಡುವ ರಾಸಾಯನಿಕಗಳು ನಮ್ಮನ್ನು ವಾಸಿ ಮಾಡುತ್ತವೆ ಎನ್ನುವುದು ಒಂದು. ಬಳಲಿದ ನಮ್ಮ ಗಮನಕ್ಕೆ ಮರಗಳ ನಡುವೆ ಬಿಡುವು ಸಿಗುತ್ತದೆ ಎನ್ನುವುದು ಇನ್ನೊಂದು. ಪತ್ರಿಕೆಗಳಿಗೆ ಮೊದಲನೆಯದರ ಮೇಲೆ ಪ್ರೀತಿ. ಪುರಾವೆ ಗಟ್ಟಿಯಾಗಿರುವುದು ಎರಡನೆಯದಕ್ಕೆ.

ಮೊದಲ ಕಥೆಯನ್ನೇ ಮೊದಲು ನೋಡೋಣ. ಗಿಡಮರಗಳು ಶಿಲೀಂಧ್ರ, ಬ್ಯಾಕ್ಟೀರಿಯಾ, ಕೀಟಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಆವಿಯಾಗುವ ಸಂಯುಕ್ತಗಳನ್ನು ಬಿಡುತ್ತವೆ. ಸೋವಿಯತ್ ಜೀವವಿಜ್ಞಾನಿ ಬೋರಿಸ್ ತೋಕಿನ್ ಇವನ್ನು ‘ಫೈಟನ್‌ಸೈಡ್’ ಎಂದು ಕರೆದರು. ಪೈನ್ ಮರದ ಪರಿಮಳದಲ್ಲಿರುವ ಆಲ್ಫಾ-ಪೈನೀನ್, ನಿಂಬೆಸಿಪ್ಪೆಯಲ್ಲೂ ಇರುವ ಲಿಮೋನೀನ್ ಇಂಥವೇ. ಟೋಕಿಯೋದ ನಿಪ್ಪಾನ್ ವೈದ್ಯಕೀಯ ಕಾಲೇಜಿನ ಚಿಂಗ್ ಲೀ 2005ರಲ್ಲಿ ಹನ್ನೆರಡು ಮಂದಿ ಗಂಡಸರನ್ನು ನಗಾನೊದ ಈಯಾಮಾ ಕಾಡಿಗೆ ಮೂರು ದಿನಗಳ ಮಟ್ಟಿಗೆ ಕರೆದೊಯ್ದು, ದಿನವೂ ಕೆಲವು ಗಂಟೆ ನಡೆಸಿ, ರಕ್ತ ಪರೀಕ್ಷಿಸಿದರು. ನಮ್ಮ ರಕ್ತದಲ್ಲಿ ‘ನ್ಯಾಚುರಲ್ ಕಿಲ್ಲರ್’ ಎಂಬ ಬಿಳಿ ಕೋಶಗಳಿವೆ. ಸೋಂಕು ತಗುಲಿದ ಕೋಶಗಳನ್ನೂ ಕ್ಯಾನ್ಸರ್ ಕೋಶಗಳನ್ನೂ ಗುರುತಿಸಿ ಕೊಲ್ಲುವುದು ಅವುಗಳ ಕಸುಬು. ಹನ್ನೆರಡರಲ್ಲಿ ಹನ್ನೊಂದು ಜನರಲ್ಲಿ ಈ ಕೋಶಗಳ ಚಟುವಟಿಕೆ ಹೆಚ್ಚಿತ್ತು, ಸರಾಸರಿ ಅರ್ಧದಷ್ಟು. ಮುಂದಿನ ಅಧ್ಯಯನಗಳಲ್ಲಿ ಈ ಏರಿಕೆ ವಾರಗಟ್ಟಲೆ ಉಳಿಯಿತು. ನಗರ ಪ್ರವಾಸಕ್ಕೆ ಹೋದವರಲ್ಲಿ ಕಾಣಲಿಲ್ಲ. ಹೋಟೆಲ್ ಕೋಣೆಯಲ್ಲಿ ಹಿನೋಕಿ ಎಣ್ಣೆಯ ಆವಿ ಹಾಯಿಸಿ ಮಲಗಿಸಿದ ಇನ್ನೊಂದು ಹನ್ನೆರಡು ಮಂದಿಯಲ್ಲೂ ಏರಿಕೆ ಕಂಡಿತು.

ಕುತೂಹಲದ ಫಲಿತಾಂಶ, ಸುಳ್ಳೆನ್ನಲು ಕಾರಣವಿಲ್ಲ. ಆದರೆ ಇದರ ಮೇಲೆ ಕಟ್ಟಿರುವ ಮಹಲು ನೋಡಿದರೆ ಅಡಿಪಾಯ ಬಹಳ ಚಿಕ್ಕದು. ಹನ್ನೆರಡು ಜನ ಎಂದರೆ ಒಂದು ಮದುವೆ ಮನೆಯ ಪಂಕ್ತಿಯಲ್ಲಿ ಅರ್ಧ ಸಾಲು. ಕೆಲಸದಿಂದ ರಜೆ, ಬೇರೆ ಊರಿನ ನಿದ್ದೆ, ಗಂಟೆಗಟ್ಟಲೆ ನಡಿಗೆ ಇವೆಲ್ಲ ಕಾಡಿನ ಜೊತೆ ಬೆಸೆದುಕೊಂಡಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಯೋಗಾಲಯದ ತಟ್ಟೆಯಲ್ಲಿ ಕೋಶಗಳು ಚುರುಕಾಗುವುದಕ್ಕೂ ಮನುಷ್ಯನಿಗೆ ನೆಗಡಿ ಕಡಿಮೆ ಬರುವುದಕ್ಕೂ ನಡುವೆ ದೂರದ ದಾರಿಯಿದೆ. ಕ್ಯಾನ್ಸರ್ ಕಡಿಮೆಯಾಗುತ್ತದೆ ಎನ್ನುವುದಂತೂ ಈ ಪ್ರಯೋಗಗಳು ಕೇಳದೇ ಇದ್ದ ಪ್ರಶ್ನೆಗೆ ಜಾಹೀರಾತುಗಳು ಕೊಟ್ಟುಕೊಂಡ ಉತ್ತರ. ಮರದ ಗಾಳಿಯನ್ನು ಅಮೃತವೆಂದು ಹೊಗಳುವವರು ಜಪಾನಿನದೇ ಇನ್ನೊಂದು ಸಂಗತಿಯನ್ನು ಮರೆಯುತ್ತಾರೆ. ಎರಡನೇ ಮಹಾಯುದ್ಧದ ನಂತರ ಬೋಳಾದ ಬೆಟ್ಟಗಳ ಮೇಲೆ ಸುಗಿ ಮತ್ತು ಹಿನೋಕಿ ಮರಗಳನ್ನು ಸಾಲುಸಾಲಾಗಿ ನೆಟ್ಟರು. ಇಂದು ಆ ನೆಡುತೋಪುಗಳ ಪರಾಗದಿಂದ ಜಪಾನೀಯರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಪ್ರತಿ ವಸಂತದಲ್ಲೂ ಕಣ್ಣುಜ್ಜಿಕೊಂಡು ಸೀನುತ್ತಿದ್ದಾರೆ. 2023ರಲ್ಲಿ ಸರ್ಕಾರವೇ ಸುಗಿ ತೋಪುಗಳನ್ನು ಹತ್ತು ವರ್ಷಗಳಲ್ಲಿ ಐದನೇ ಒಂದು ಪಾಲು ಇಳಿಸುವ ಯೋಜನೆ ಹಾಕಿತು. ಮರಗಳು ನಮಗಾಗಿ ಗಾಳಿಗೆ ಏನನ್ನೂ ಬಿಡುವುದಿಲ್ಲ. ಅವು ತಮ್ಮ ಸಂಸಾರ ನಡೆಸುತ್ತವೆ. ನಮಗೆ ಅದರಲ್ಲಿ ಕೆಲವು ಹಿತ, ಕೆಲವು ಅಹಿತ.

ಎರಡನೆಯ ಕಥೆಗೆ ಬರೋಣ. ಮಿಯಾಜಾಕಿ ಮತ್ತು ಸಂಗಡಿಗರು ಜಪಾನಿನ 24 ಕಾಡುಗಳಲ್ಲಿ ಒಟ್ಟು 280 ಯುವಕರ ಮೇಲೆ ನಡೆಸಿದ ಪ್ರಯೋಗಗಳನ್ನು 2010ರಲ್ಲಿ ಒಟ್ಟಾಗಿ ಪ್ರಕಟಿಸಿದರು. ಪ್ರತಿ ಸ್ಥಳದಲ್ಲೂ ಅರ್ಧ ಜನ ಒಂದು ದಿನ ಕಾಡಿಗೆ, ಉಳಿದರ್ಧ ನಗರಕ್ಕೆ, ಮರುದಿನ ಅದಲುಬದಲು. ಎರಡೂ ಕಡೆ ಸುಮಾರು ಕಾಲು ಗಂಟೆ ಸುಮ್ಮನೆ ಕೂತು ನೋಡುವುದು, ಕಾಲು ಗಂಟೆ ನಡೆಯುವುದು. ಒತ್ತಡದ ಹೊತ್ತಿನಲ್ಲಿ ದೇಹ ಸುರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಕಾಡಿನಲ್ಲಿ ಕೂತವರ ಜೊಲ್ಲಿನಲ್ಲಿ ನಗರದಲ್ಲಿ ಕೂತಾಗಿನದಕ್ಕಿಂತ ಶೇಕಡಾ 13ರಷ್ಟು, ನಡೆದವರಲ್ಲಿ ಶೇಕಡಾ 16ರಷ್ಟು ಕಡಿಮೆ ಇತ್ತು. ನಾಡಿಬಡಿತವೂ ಇಳಿದಿತ್ತು. ರಕ್ತದೊತ್ತಡದ ಇಳಿತ ಮಾತ್ರ ಶೇಕಡಾ 2ನ್ನೂ ಮುಟ್ಟಲಿಲ್ಲ. ಅಂದರೆ 120 ಇದ್ದದ್ದು 118 ಆದ ಹಾಗೆ. ಬಿಪಿ ಮಾತ್ರೆ ನುಂಗುವವರು ಇದನ್ನು ನೆಚ್ಚಿ ಮಾತ್ರೆ ಬಿಡುವುದು ಮೂರ್ಖತನ. ಆದರೆ ಈ ಅಂಕಿಗಳಲ್ಲಿ ನನಗೆ ಮಹತ್ವದ್ದಾಗಿ ಕಾಣುವುದು ಬೇರೆಯೇ ಒಂದು ಅಂಶ: ಕೂತವರಿಗೂ ನಡೆದವರಿಗೂ ಲಾಭ ಹೆಚ್ಚುಕಡಿಮೆ ಒಂದೇ. ‘ಇದೆಲ್ಲ ವ್ಯಾಯಾಮದ ಪರಿಣಾಮ, ಕಾಡಾದರೇನು ಟ್ರೆಡ್‌ಮಿಲ್ ಆದರೇನು’ ಎಂಬ ಆಕ್ಷೇಪಕ್ಕೆ ಅಲ್ಲೇ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಉಳಿದರ್ಧ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿನ ರೇಚೆಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ 1980ರ ದಶಕದಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ನಮ್ಮ ಗಮನದಲ್ಲಿ ಎರಡು ಬಗೆ. ಲೆಕ್ಕಪತ್ರ ನೋಡುವಾಗ, ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸುವಾಗ ನಾವು ಗಮನವನ್ನು ಬಲವಂತವಾಗಿ ಹಿಡಿದಿಡುತ್ತೇವೆ. ಬೇಡದ್ದನ್ನೆಲ್ಲ ಕ್ಷಣಕ್ಷಣಕ್ಕೂ ಆಚೆ ತಳ್ಳುತ್ತಿರಬೇಕು. ಈ ಬಿಗಿ ಗಮನ ಎತ್ತಿ ಹಿಡಿದ ಕೈಯಂತೆ, ಹೊತ್ತು ಕಳೆದಂತೆ ಸೋಲುತ್ತದೆ. ಇನ್ನೊಂದು ತಾನಾಗಿ ಹರಿಯುವ ಗಮನ. ಎಲೆ ಅಲುಗಿತು, ಕಣ್ಣು ಹೋಯಿತು. ಹಕ್ಕಿ ಕೂಗಿತು, ಕಿವಿ ಹೋಯಿತು. ಅದರಲ್ಲಿ ಬಲವಂತವಿಲ್ಲ, ಹೋಗದಿದ್ದರೆ ನಷ್ಟವೂ ಇಲ್ಲ. ರಸ್ತೆಯ ಹಾರ್ನ್ ಕೂಡ ಗಮನ ಸೆಳೆಯುತ್ತದೆ, ಆದರೆ ಕತ್ತುಪಟ್ಟಿ ಹಿಡಿದು ಎಳೆದಂತೆ. ಕಾಡು ಸೆಳೆಯುವುದು ಮೆಲ್ಲಗೆ, ಮನಸ್ಸಿಗೆ ತನ್ನ ಪಾಡಿಗೆ ತಾನು ಅಡ್ಡಾಡಲು ಜಾಗ ಬಿಟ್ಟು. ಆ ಹೊತ್ತಿನಲ್ಲಿ ಬಿಗಿ ಗಮನದ ಸೋತ ಕೈ ಕೆಳಗಿಳಿದು ಸುಧಾರಿಸಿಕೊಳ್ಳುತ್ತದೆ ಎಂಬುದು ಕಪ್ಲಾನ್‌ರ ವಾದ.

ವಾದ ಚಂದವಿದ್ದ ಮಾತ್ರಕ್ಕೆ ನಿಜವಾಗಬೇಕಿಲ್ಲ, ಅಳೆಯಬೇಕು. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾರ್ಕ್ ಬರ್ಮನ್ ಅದೇ ಸ್ಟೀಫನ್ ಕಪ್ಲಾನ್ ಮತ್ತು ಜಾನ್ ಜೋನಿಡೀಸ್ ಜೊತೆ ಸೇರಿ 38 ಜನರನ್ನು ಒಂದು ವಾರ ಆ್ಯನ್ ಆರ್ಬರ್ ನಗರದ ಸಸ್ಯೋದ್ಯಾನದಲ್ಲೂ ಇನ್ನೊಂದು ವಾರ ಅದೇ ನಗರದ ಪೇಟೆಬೀದಿಯಲ್ಲೂ ನಡೆಸಿದರು. ಎರಡೂ ದಾರಿ ಸುಮಾರು ನಾಲ್ಕೂವರೆ ಕಿಲೋಮೀಟರ್, ಐವತ್ತು ನಿಮಿಷ. ನಡಿಗೆಗೆ ಮುಂಚೆ ಮತ್ತು ನಂತರ ಅಂಕಿಗಳ ಸಾಲನ್ನು ಕೇಳಿಸಿ ಹಿಂದುಮುಂದಾಗಿ ಹೇಳಿಸಿದರು. ಉದ್ಯಾನದ ನಡಿಗೆಯ ನಂತರ ಅಂಕ ಸುಮಾರು ಐದನೇ ಒಂದು ಪಾಲು ಏರಿತು. ಪೇಟೆಯ ನಡಿಗೆಯಿಂದ ಹೇಳಿಕೊಳ್ಳುವಂಥ ಏರಿಕೆಯಿಲ್ಲ. ಅಷ್ಟೇ ದೂರ, ಅಷ್ಟೇ ಕಾಲು, ಅಷ್ಟೇ ಬೆವರು. ಹಾಗಾಗಿ ವ್ಯಾಯಾಮದ ಆಕ್ಷೇಪ ಇಲ್ಲಿಗೆ ಮುಗಿಯಿತು. ಇನ್ನೂ ಸ್ವಾರಸ್ಯವೆಂದರೆ ಕೆಲವರು ಮಿಷಿಗನ್ನಿನ ಕೊರೆಯುವ ಚಳಿಗಾಲದಲ್ಲಿ ನಡೆದರು, ನಡಿಗೆ ಅವರಿಗೆ ಖುಷಿ ಕೊಡಲಿಲ್ಲ, ಆದರೂ ಅಂಕ ಏರಿತು. ಮನಸ್ಸು ಮೆಚ್ಚದಿದ್ದರೂ ಗಮನ ಸುಧಾರಿಸಿತು.

ಕಾಡು ಬರೀ ಜಾಣತನ ಹೆಚ್ಚಿಸುವ ಟಾನಿಕ್ ಆಗಿದ್ದರೆ ಅದರ ಬಗ್ಗೆ ಇಷ್ಟು ಬರೆಯಬೇಕಾಗಿರಲಿಲ್ಲ. ನಮ್ಮಲ್ಲಿ ಬಹುಪಾಲು ಜನರನ್ನು ಹಣ್ಣು ಮಾಡುವುದು ಕೆಲಸಕ್ಕಿಂತ ಹೆಚ್ಚಾಗಿ ಕೊರಗು: ಆದದ್ದನ್ನು, ಆಡಿದ್ದನ್ನು, ಆಡಿಸಿಕೊಂಡದ್ದನ್ನು ಮತ್ತೆ ಮತ್ತೆ ಅಗಿಯುವುದು. ‘ಮೆಲುಕು’ ಎಂಬ ಪದವನ್ನು ಕನ್ನಡದಲ್ಲಿ ನಾವು ಸವಿನೆನಪಿಗೆ ಬಳಸುತ್ತೇವೆ. ಮನೋವಿಜ್ಞಾನಿಗಳು ಹೇಳುವ ಮೆಲುಕು ಕಹಿಯದು, ಖಿನ್ನತೆಗೆ ದಾರಿ ಮಾಡುವಂಥದು. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಟ್ಯಾನ್‌ಫರ್ಡ್‌ನ ಗ್ರೆಗರಿ ಬ್ರಾಟ್‌ಮನ್ 38 ಜನರಲ್ಲಿ ಕೆಲವರನ್ನು ಬಯಲಿನ ಹಾದಿಯಲ್ಲಿ, ಉಳಿದವರನ್ನು ವಾಹನ ದಟ್ಟಣೆಯ ಹೆದ್ದಾರಿಯ ಬದಿಯಲ್ಲಿ ತೊಂಬತ್ತು ನಿಮಿಷ ನಡೆಸಿ, ಮಿದುಳನ್ನು ಸ್ಕ್ಯಾನ್ ಮಾಡಿದರು. ಹಸಿರಲ್ಲಿ ನಡೆದವರಲ್ಲಿ ಕೊರಗು ಇಳಿದಿತ್ತು. ಮಿದುಳಿನ ಮುಂಭಾಗದಲ್ಲಿ ಕೊರಗುವಾಗ ಚುರುಕಾಗುವ ಒಂದು ಚಿಕ್ಕ ವಲಯವೂ ತಣ್ಣಗಾಗಿತ್ತು. ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 63 ಜನರಲ್ಲಿ ಕೆಲವರು ಗ್ರೂನೆವಾಲ್ಡ್ ಕಾಡಿನಲ್ಲಿ, ಕೆಲವರು ಶ್ಲೋಸ್‌ಸ್ಟ್ರಾಸೆ ಎಂಬ ಅಂಗಡಿಬೀದಿಯಲ್ಲಿ ಒಂದು ಗಂಟೆ ನಡೆದರು. ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಮಿದುಳಿನ ಭಾಗ ಕಾಡಿನಿಂದ ಬಂದವರಲ್ಲಿ ಶಾಂತವಾಗಿತ್ತು. ಬೀದಿಯಿಂದ ಬಂದವರಲ್ಲಿ ಅದು ಇದ್ದಂತೆಯೇ ಇತ್ತು, ಕೆರಳಿರಲಿಲ್ಲ. ನಗರವೆಂದರೆ ವಿಷವೆನ್ನುವವರು ಈ ಕೊನೆಯ ಮಾತನ್ನು ಓದಿಕೊಳ್ಳಬೇಕು.

ಈಗ ಈ ವಿಷಯದ ಅತ್ಯಂತ ಗಟ್ಟಿ ಆಕ್ಷೇಪ. ಮಾತ್ರೆಯ ಪರೀಕ್ಷೆಯಲ್ಲಿ ಯಾರಿಗೆ ಔಷಧ, ಯಾರಿಗೆ ಸಕ್ಕರೆಗುಳಿಗೆ ಎಂದು ಮುಚ್ಚಿಡಬಹುದು. ಕಾಡಿನಲ್ಲಿ ನಿಂತವನಿಗೆ ‘ನೀನೀಗ ಎಲ್ಲಿದ್ದೀಯ’ ಎಂಬುದನ್ನು ಮುಚ್ಚಿಡುವುದು ಹೇಗೆ? ಹಿತವಾಗುತ್ತದೆಂದು ನಂಬಿ ಹೋದವನಿಗೆ ಹಿತವಾದರೆ ಅದು ಮರದ ಗುಣವೋ ನಂಬಿಕೆಯ ಗುಣವೋ? ಇದು ಬರೀ ತರ್ಕದ ಮಾತೂ ಅಲ್ಲ. 2019ರಲ್ಲಿ ಇಟಲಿಯ ಸಂಶೋಧಕರು ಕಾರ್ಟಿಸಾಲ್ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದಾಗ, ಕಾಡಿಗೆ ಹೋಗುವವರ ಕಾರ್ಟಿಸಾಲ್ ನಡಿಗೆ ಶುರುವಾಗುವ ಮೊದಲೇ ನಗರಕ್ಕೆ ಹೋಗುವವರಿಗಿಂತ ಕೆಳಗಿತ್ತು. ಊಟಕ್ಕೆ ಮೊದಲೇ ಹೊಟ್ಟೆ ತುಂಬಿದ ಹಾಗೆ. ಹಾಗಾಗಿ ನಿರೀಕ್ಷೆಗೆ ಒಂದು ಪಾಲು ಖಂಡಿತ ಇದೆ, ಒಪ್ಪಲೇಬೇಕು. ಆದರೆ ಎಲ್ಲವೂ ನಿರೀಕ್ಷೆಯೇ ಆಗಿದ್ದರೆ ಮಿಷಿಗನ್ನಿನ ಚಳಿಯಲ್ಲಿ ನಡುಗಿದವರ ಅಂಕ ಏರಬಾರದಿತ್ತು. ಕೆನಡಾದ ಒಟಾವಾದಲ್ಲಿ ಕಾರ್ಲ್‌ಟನ್ ವಿಶ್ವವಿದ್ಯಾಲಯವಿದೆ. ಹಿಮ ಬೀಳುವ ದಿನಗಳಿಗೆಂದು ಅದರ ಕಟ್ಟಡಗಳನ್ನು ನೆಲದಡಿಯ ಸುರಂಗಗಳಿಂದ ಜೋಡಿಸಿದ್ದಾರೆ. ಎಲಿಜಬೆತ್ ನಿಸ್ಬೆಟ್ ಮತ್ತು ಜಾನ್ ಝೆಲೆನ್‌ಸ್ಕಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಸುರಂಗದಲ್ಲಿ, ಕೆಲವರನ್ನು ಹೊರಗಿನ ಮರಗಳ ಹಾದಿಯಲ್ಲಿ ಸುಮಾರು ಕಾಲು ಗಂಟೆ ನಡೆಸಿ, ಎಷ್ಟು ಖುಷಿಯಾಗಬಹುದೆಂಬ ಊಹೆಯನ್ನೂ ಪಡೆದರು. ಹೊರಗೆ ನಡೆದವರಿಗೆ ಆದ ಖುಷಿ ಊಹೆಗಿಂತ ಹೆಚ್ಚಿತ್ತು. ನಿರೀಕ್ಷೆ ಫಲಕ್ಕಿಂತ ಚಿಕ್ಕದಾಗಿದ್ದಾಗ ಫಲವನ್ನೆಲ್ಲ ನಿರೀಕ್ಷೆಯ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ. ಅಷ್ಟೇ ಅಲ್ಲ, ಮನೆಯ ಪಕ್ಕದ ಪಾರ್ಕಿಗೆ ಹೋಗಲು ನಾವೇಕೆ ಸೋಮಾರಿಗಳು ಎಂಬುದಕ್ಕೂ ಇಲ್ಲೊಂದು ವಿವರಣೆಯಿದೆ: ಅದರ ಬೆಲೆಯನ್ನು ಮೊದಲೇ ಕಡಿಮೆ ಕಟ್ಟಿರುತ್ತೇವೆ.

ಹಾಗಾದರೆ ನಿಧಾನ ಯಾಕೆ ಬೇಕು? ಆ್ಯನ್ ಆರ್ಬರ್‌ನವರು ಐವತ್ತು ನಿಮಿಷದಲ್ಲಿ ನಾಲ್ಕೂವರೆ ಕಿಲೋಮೀಟರ್ ಹೋದರೆಂದರೆ ಅದು ನಿಧಾನದ ನಡಿಗೆಯೇ ಅಲ್ಲ, ಬಸ್ ತಪ್ಪೀತೆಂಬ ವೇಗ. ಚತುರ ಓದುಗರು ಈ ತೊಡಕನ್ನು ಆಗಲೇ ಹಿಡಿದಿರಬಹುದು. ನನ್ನ ಉತ್ತರವಿಷ್ಟು: ಇಲ್ಲಿ ನಿಧಾನವಾಗಬೇಕಾದದ್ದು ಕಾಲಿಗಿಂತ ಮೊದಲು ಕಣ್ಣು. ಕ್ಯಾಲಿಫೋರ್ನಿಯಾದ ವರ್ಜೀನಿಯಾ ಸ್ಟರ್ಮ್ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 52 ಮಂದಿ ಹಿರಿಯರು ಎಂಟು ವಾರ, ವಾರಕ್ಕೊಮ್ಮೆ ಹದಿನೈದು ನಿಮಿಷ ನಡೆದರು. ಅರ್ಧ ಜನರಿಗೆ ಬರೀ ನಡೆಯಿರಿ ಎಂದರು. ಉಳಿದವರಿಗೆ ಸುತ್ತಲಿನದನ್ನು ಮೊದಲ ಸಲ ನೋಡುವಂತೆ ನೋಡುತ್ತ, ಬೆರಗು ಹುಡುಕುತ್ತ ನಡೆಯಿರಿ ಎಂದರು. ಎರಡನೆಯವರಲ್ಲಿ ಸಂತೋಷ, ಕೃತಜ್ಞತೆ, ಮರುಕದಂಥ ಭಾವಗಳು ಹೆಚ್ಚಿದವು. ನಡಿಗೆಯ ವೇಳೆ ತೆಗೆದುಕೊಂಡ ಸೆಲ್ಫಿಗಳಲ್ಲಿ ವಾರ ಕಳೆದಂತೆ ಅವರ ನಗು ಅಗಲವಾಯಿತು, ಚೌಕಟ್ಟಿನಲ್ಲಿ ಅವರು ಚಿಕ್ಕದಾಗುತ್ತ ಹೋಗಿ ಹಿನ್ನೆಲೆ ದೊಡ್ಡದಾಯಿತು. ವ್ಯತ್ಯಾಸ ಮಾಡಿದ್ದು ಗಮನದ ಬಗೆಯೊಂದೇ. ಇದರ ತಿರುಗುಮುರುಗು ಪ್ರಯೋಗವೂ ಇದೆ: ಹಸಿರಿನ ನಡುವೆ ಕೂತರೂ ಲ್ಯಾಪ್‌ಟಾಪ್ ಪರದೆಗೆ ಕಣ್ಣು ನೆಟ್ಟವರ ಗಮನ ಸುಧಾರಿಸಲಿಲ್ಲವೆಂದು 2018ರ ಒಂದು ಅಧ್ಯಯನ ತೋರಿಸಿದೆ. ಕಾಲಿನ ವೇಗ ತಗ್ಗಿದರೆ ಕಣ್ಣಿಗೆ ಪುರುಸೊತ್ತು ಸಿಗುತ್ತದೆ. ಅಷ್ಟರ ಮಟ್ಟಿಗೆ ಕಾಲೂ ನಿಧಾನವಾಗಬೇಕು. ಆದರೆ ಇದನ್ನು ಹೃದಯದ ವ್ಯಾಯಾಮವೆಂದು ಲೆಕ್ಕ ಹಿಡಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ವಾರದ 150 ನಿಮಿಷಗಳ ಮಧ್ಯಮ ಶ್ರಮದಲ್ಲಿ ಎಲೆ ನೋಡುತ್ತ ಅಡ್ಡಾಡಿದ್ದು ಸೇರುವುದಿಲ್ಲ. ಅದು ಬೇರೆ ಖಾತೆ.

ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಹೆಚ್ಚು ಉಲ್ಲೇಖವಾಗುವ ಸಂಖ್ಯೆ ವಾರಕ್ಕೆ 120 ನಿಮಿಷ. ಇಂಗ್ಲೆಂಡಿನ ಸುಮಾರು 20,000 ಜನರ ಸಮೀಕ್ಷೆಯಿಂದ 2019ರಲ್ಲಿ ಹೊರಬಂದದ್ದು. ಪ್ರಕೃತಿಯ ನಡುವೆ ಅಷ್ಟು ಹೊತ್ತು ಕಳೆದವರು ಆರೋಗ್ಯವಾಗಿದ್ದೇವೆಂದು ಹೇಳುವ ಸಂಭವ ಹೆಚ್ಚು, ಒಂದೇ ಸಲವೋ ತುಂಡುತುಂಡಾಗಿಯೋ ಎಂಬುದು ಮುಖ್ಯವಲ್ಲ. ಆದರೆ ಮಂಡಿನೋವಿರುವವರು ಮನೆಯಲ್ಲೇ ಉಳಿಯುತ್ತಾರೆ, ಗಟ್ಟಿಮುಟ್ಟಾದವರು ಹೊರಗೆ ಹೋಗುತ್ತಾರೆ. ಸಮೀಕ್ಷೆಯಲ್ಲಿ ಯಾವುದು ಕಾರಣ, ಯಾವುದು ಫಲ ಎಂದು ಪೂರ್ತಿ ಬಿಡಿಸಲಾಗದು. ಈ ಸಂಖ್ಯೆಯನ್ನು ಗೋಡೆಗೆ ಬರೆದು ಅಂಟಿಸುವಷ್ಟು ನೆಚ್ಚಬೇಕಿಲ್ಲ.

ನಮ್ಮ ಕಡೆಯ ಓದುಗರ ಆಕ್ಷೇಪ ಇದ್ಯಾವುದೂ ಅಲ್ಲ ಎಂಬುದು ಗೊತ್ತು. ಕಾಡು ಎಂದರೆ ನಮ್ಮ ಭಾಷೆಗೇ ಅಷ್ಟು ಭರವಸೆಯಿಲ್ಲ. ಕಷ್ಟದ ದಿನಗಳಿಗೆ ವನವಾಸ ಎನ್ನುತ್ತೇವೆ, ಮುಪ್ಪು ಹತ್ತಿರವಾದಾಗ ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಎನ್ನುತ್ತೇವೆ, ಪೀಡಿಸುವುದಕ್ಕೂ ‘ಕಾಡು’ ಎಂಬುದೇ ಕ್ರಿಯಾಪದ. ಈ ಅಪನಂಬಿಕೆ ಸುಳ್ಳಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಅದರ ವೈರಸ್ಸನ್ನು ಹರಡುವ ಉಣುಗು ಬೇಸಗೆಯ ತರಗೆಲೆಗಳಲ್ಲಿ ಕಾದಿರುತ್ತದೆ. ಅಲ್ಲಿ ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಮೈಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕೆಂದು ಆರೋಗ್ಯ ಇಲಾಖೆ ಹೇಳುವುದು ಸುಮ್ಮನೆ ಅಲ್ಲ. ಆನೆ ಓಡಾಡುವ ಕಾಡಿನಲ್ಲಿ ಮೈಮರೆತು ನಡೆಯುವುದು ಧ್ಯಾನವಲ್ಲ, ಅವಿವೇಕ. ಅಲ್ಲಿ ಅಮಿಗ್ಡಲಾ ಎಚ್ಚರವಾಗಿರುವುದೇ ಕ್ಷೇಮ. ಕೊಡಗಿನ ದೇವರಕಾಡುಗಳನ್ನು ಹಿರಿಯರು ಉಳಿಸಿದ್ದು ಒಳಗೆ ಮನಬಂದಂತೆ ಕಾಲಿಡದೆ ಇದ್ದುದರಿಂದ ಎಂಬುದನ್ನೂ ಮರೆಯುವಂತಿಲ್ಲ. ಆದರೆ ಇದೇ ಭಾಷೆಯಲ್ಲಿ ವನವಿಹಾರವೂ ಇದೆ, ಕಾರ್ತಿಕದಲ್ಲಿ ನೆಲ್ಲಿಮರದಡಿಯ ವನಭೋಜನವೂ ಇದೆ. ಎರಡನೆಯ ಕಥೆ ನಿಜವಾದರೆ, ಅಂದರೆ ಕೆಲಸ ಮಾಡುವುದು ಮರದ ಆವಿಗಿಂತ ಹೆಚ್ಚಾಗಿ ಸಡಿಲಗೊಂಡ ಗಮನವಾದರೆ, ಆಗುಂಬೆಗೇ ಹೋಗಬೇಕಿಲ್ಲ. ಬ್ರಾಟ್‌ಮನ್‌ರ ಜನ ನಡೆದದ್ದು ಅಲ್ಲೊಂದು ಇಲ್ಲೊಂದು ಓಕ್ ಮರವಿದ್ದ ಹುಲ್ಲುಗಾವಲಿನಲ್ಲಿ. ಬರ್ಮನ್‌ರ ಜನ ನಡೆದದ್ದು ಲಾಲ್‌ಬಾಗಿನಂಥದೇ ಒಂದು ಸಸ್ಯೋದ್ಯಾನದಲ್ಲಿ. ಊರ ಗುಂಡುತೋಪು, ಕೆರೆ ಏರಿಯ ಮೇಲಿನ ಸಾಲುಮರ, ಕೃಷಿ ಕಾಲೇಜಿನ ಆವರಣ ಯಾವುದಾದರೂ ಆದೀತು. 2024ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ‘ಕಾಡಿನ ಸ್ನಾನ’ಕ್ಕೆ 1,500 ರೂಪಾಯಿ ಎಂಬ ಜಾಹೀರಾತು ಕಂಡು ಜಾಲತಾಣಗಳಲ್ಲಿ ಜನ ನಕ್ಕರು. ನಗು ಸರಿಯಾಗಿತ್ತು, ಆದರೆ ನಗಬೇಕಾದದ್ದು ದುಡ್ಡು ಕೇಳಿದ್ದಕ್ಕೆ. ಮರದಡಿ ಸುಮ್ಮನೆ ನಿಲ್ಲುವುದಕ್ಕಲ್ಲ.

ಪುಕ್ಕಟೆಯಾಗಿ ಮಾಡಿನೋಡಲು ಒಂದು ಪ್ರಯೋಗದ ನಿಯಮಗಳೇ ಸಾಕು. ಮೇರಿಕ್ಯಾರಲ್ ಹಂಟರ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ನಗರವಾಸಿಗಳು ಎಂಟು ವಾರಗಳ ಕಾಲ, ವಾರಕ್ಕೆ ಮೂರು ಸಲ, ತಮಗೆ ಅನುಕೂಲವಾದ ಹಸಿರು ತಾಣದಲ್ಲಿ ಕನಿಷ್ಠ ಹತ್ತು ನಿಮಿಷ ಕೂತರು ಅಥವಾ ನಡೆದರು. ಕಾರ್ಟಿಸಾಲ್ ಅತಿ ಬೇಗ ಇಳಿದದ್ದು 20ರಿಂದ 30 ನಿಮಿಷದೊಳಗೆ. ಆಮೇಲೆ ಇಳಿತ ಮುಂದುವರಿದರೂ ವೇಗ ತಗ್ಗಿತು. ಖಿನ್ನತೆಗೆ, ರಕ್ತದೊತ್ತಡಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ಅದರ ಜೊತೆಗೆ ಇದನ್ನು ಮಾಡಬಹುದು, ಅದರ ಬದಲಿಗಲ್ಲ. ಆ ಅಧ್ಯಯನದಲ್ಲಿ ಭಾಗವಹಿಸಿದವರಿಗೆ ಇದ್ದ ಷರತ್ತುಗಳು ಇವು: ಹಗಲು ಹೊತ್ತಿನಲ್ಲಿ ಹೋಗಬೇಕು, ಏದುಸಿರು ಬರುವಂತೆ ಶ್ರಮ ಪಡಬಾರದು, ಫೋನ್ ಮುಟ್ಟಬಾರದು, ಹರಟೆ ಕೂಡದು, ಓದುವುದೂ ಕೂಡದು. ಆದ್ದರಿಂದ ಹೊರಡುವಾಗ ಈ ಬರಹವನ್ನು ಮನೆಯಲ್ಲೇ ಬಿಟ್ಟುಹೋಗಿ.